ನಲ್ಲಿ ತೊಟ್ಟಿಕ್ಕಲಿ ಬಿಡಿ ಎಂದರು

ಟೆಕ್ಸಾಸ್‌ನ ಹ್ಯೂಸ್ಟನ್ ಸುತ್ತಮುತ್ತ ಚಳಿ ಎನ್ನುವುದು ವರ್ಷಕ್ಕೆ ಕೆಲವೇ ರಾತ್ರಿಗಳ ವಿಷಯ. ಉಳಿದಂತೆ ಇದು ಹೆಚ್ಚುಕಡಿಮೆ ಮಂಗಳೂರಿನಂಥ ಊರು. ಸೆಕೆ, ಬೆವರು, ಸೊಳ್ಳೆ, ಮಳೆ. ಆದ್ದರಿಂದಲೇ ಹವಾಮಾನ ವರದಿಯಲ್ಲಿ ‘ಹಾರ್ಡ್ ಫ್ರೀಜ್’ ಎಂಬ ಮಾತು ಬಂದ ಕೂಡಲೇ ಊರಿಗೆ ಊರೇ ಗಡಿಬಿಡಿಗೆ ಬೀಳುತ್ತದೆ. ಟೀವಿಯವರು ನಾಲ್ಕು ‘ಪಿ’ಗಳ ಪಾಠ ಒಪ್ಪಿಸುತ್ತಾರೆ: ಪೀಪಲ್, ಪೆಟ್ಸ್, ಪೈಪ್ಸ್, ಪ್ಲಾಂಟ್ಸ್. ಮನೆಯವರನ್ನು ಬೆಚ್ಚಗಿಡಿ, ನಾಯಿ ಬೆಕ್ಕುಗಳನ್ನು ಒಳಗೆ ಕರೆದುಕೊಳ್ಳಿ, ಗಿಡಗಳಿಗೆ ಹಳೆಯ ಬೆಡ್‌ಶೀಟ್ ಹೊದಿಸಿ. ಪೈಪುಗಳ ಪಾಠ ಸ್ವಲ್ಪ ಉದ್ದ. ಹೊರಗಿನ ನಲ್ಲಿಗೆ ಬಟ್ಟೆ ಸುತ್ತಿ, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ಮಲಗುವ ಮುಂಚೆ ಒಳಗಿನ ನಲ್ಲಿಗಳನ್ನು ಒಂಚೂರು ತಿರುಗಿಸಿ ತೊಟ್ಟಿಕ್ಕಲು ಬಿಡಿ.

ಈ ಕೊನೆಯ ಸಲಹೆ 2021ರ ಫೆಬ್ರವರಿಯಿಂದ ನನ್ನನ್ನು ಬಿಟ್ಟಿಲ್ಲ. ನನ್ನ ಮನೆಯನ್ನು ಉಳಿಸಿಕೊಳ್ಳಲು ನಾನು ಮಾಡುವ, ಯಾವ ದೋಷವೂ ಇಲ್ಲದ ಒಂದು ಕೆಲಸ, ಎಲ್ಲರೂ ಮಾಡಿದಾಗ ಊರಿಗೆ ಕೇಡಾಗುವುದಾದರೆ ಆ ಕೇಡಿನಲ್ಲಿ ನನ್ನ ಪಾಲು ಎಷ್ಟು? ಪಾಲು ಇದೆಯೋ ಇಲ್ಲವೋ? ಇದನ್ನು ಬರೇ ತರ್ಕದ ಆಟ ಅಂದುಕೊಳ್ಳಬೇಡಿ. ಆ ವಾರ ಇಲ್ಲಿ ಲಕ್ಷಾಂತರ ಮನೆಗಳಲ್ಲಿ ಜನ ನಿಜವಾಗಿಯೂ ನಲ್ಲಿಯ ಮೇಲೆ ಕೈಯಿಟ್ಟುಕೊಂಡು ಯೋಚಿಸುತ್ತ ನಿಂತಿದ್ದರು.

ಮೊದಲು, ತೊಟ್ಟಿಕ್ಕಿಸುವುದು ಯಾಕೆ ಅಂತ ಹೇಳಿಬಿಡುತ್ತೇನೆ. ನೀರು ಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಆ ಹಿಗ್ಗಿದ ಗಡ್ಡೆಯೇ ಪೈಪನ್ನು ಸೀಳುತ್ತದೆ ಎಂದು ಬಹಳ ಜನ ತಿಳಿದಿರುತ್ತಾರೆ. ಆದರೆ ಹೆಚ್ಚಿನ ಸಲ ಪೈಪು ಒಡೆಯುವುದು ಗಡ್ಡೆ ಕಟ್ಟಿದ ಜಾಗದಲ್ಲಲ್ಲ. ಗಡ್ಡೆ ಒಂದು ಬಿರಡೆಯ ಹಾಗೆ ಬೆಳೆಯುತ್ತ, ತನಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರನ್ನು ಒತ್ತುತ್ತ ಹೋಗುತ್ತದೆ. ಆ ನೀರಿಗೆ ಹೋಗಲು ಜಾಗವಿಲ್ಲ. ಒತ್ತಡ ಏರಿ ಏರಿ ಎಲ್ಲೋ ಒಂದು ಬಲಹೀನ ಜಾಗದಲ್ಲಿ ಪೈಪು ಸೀಳುತ್ತದೆ. ನಲ್ಲಿ ಒಂದು ಹನಿಯಷ್ಟು ತೆರೆದಿದ್ದರೂ ಸಾಕು, ಒತ್ತಡಕ್ಕೆ ದಾರಿ ಸಿಗುತ್ತದೆ. ಉತ್ತರದ ರಾಜ್ಯಗಳಲ್ಲಿ ಪೈಪುಗಳನ್ನು ಮನೆಯ ಬೆಚ್ಚನೆಯ ಭಾಗದಲ್ಲಿ ಹುದುಗಿಸಿರುತ್ತಾರೆ. ಇಲ್ಲಿ ಸೆಕೆಯನ್ನು ನೆನಪಿಟ್ಟುಕೊಂಡು ಕಟ್ಟಿದ ಮನೆಗಳು. ಅಟ್ಟದ ಮೇಲೆ, ಹೊರಗೋಡೆಯೊಳಗೆ ಎಲ್ಲೆಂದರಲ್ಲಿ ಪೈಪು ಹಾದುಹೋಗಿರುತ್ತದೆ. ಹೊರಗೆ ಸುಮಾರು ಮೈನಸ್ ಏಳು ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತೆಂದರೆ ಅಂಥ ಪೈಪಿಗೆ ಅಪಾಯ.

ಅರಸೀಕೆರೆಯ ಕಡೆಯಲ್ಲಿ ಬೆಳೆದ ನನಗೆ ಈ ಸಲಹೆ ಒಗ್ಗಲು ಕಾಲ ಹಿಡಿಯಿತು. ನಮ್ಮ ಮನೆಯಲ್ಲಿ ನೀರು ಬರುವ ದಿನ ಅಂತ ಒಂದಿರುತ್ತಿತ್ತು. ಅವತ್ತು ಹಂಡೆ, ಕೊಳಗ, ಡ್ರಮ್ಮು, ಕೊನೆಗೆ ಅನ್ನದ ಪಾತ್ರೆಯವರೆಗೆ ಎಲ್ಲವೂ ತುಂಬಬೇಕು. ನಲ್ಲಿ ಸೋರಿದರೆ ಲಕ್ಷ್ಮಿ ಸೋರಿಹೋಗುತ್ತಾಳೆ ಅನ್ನುತ್ತಿದ್ದ ಅಮ್ಮ, ಸರಿರಾತ್ರಿಯಲ್ಲಿ ಬಚ್ಚಲಿನಿಂದ ಟಪ್ ಟಪ್ ಕೇಳಿದರೆ ಎದ್ದು ಹೋಗಿ ತಿರುವಿ ಬರುತ್ತಿದ್ದಳು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಫೋನಿನಲ್ಲಿ ಈ ತೊಟ್ಟಿಕ್ಕಿಸುವ ವಿಷಯ ಹೇಳಿದಾಗ ಅವಳಿಗೆ ನಂಬಲಾಗಲಿಲ್ಲ. “ನಲ್ಲಿ ಬಿಟ್ಕೊಂಡು ಮಲಗೋದೇನೇ? ಅದ್ಯಾವ ಊರೇ ನಿಮ್ದು?” ಅಂದಳು. ಪೈಪು ಒಡೆದರೆ ಮನೆ ಕೆರೆಯಾಗುತ್ತದಮ್ಮ ಅಂತ ವಿವರಿಸಿದೆ. “ಸರಿ, ಕೆಳಗೊಂದು ಬಕೆಟ್ಟಾದ್ರೂ ಇಡು” ಅಂದಳು. ಅಂದಿನಿಂದ ಇಡುತ್ತ ಬಂದಿದ್ದೇನೆ.

2021ರ ಫೆಬ್ರವರಿ ಎರಡನೆಯ ವಾರದ ಕೊನೆಗೆ ಬಂದ ಚಳಿ ಮಾಮೂಲಿನದಾಗಿರಲಿಲ್ಲ. ಡಲ್ಲಾಸ್‌ನಲ್ಲಿ ಮೈನಸ್ 19 ಡಿಗ್ರಿ ಮುಟ್ಟಿತು. ನಮ್ಮಲ್ಲಿ ಅಷ್ಟಿಲ್ಲ, ಮೈನಸ್ ಹತ್ತರ ಆಸುಪಾಸು. 15ನೇ ತಾರೀಕು ಸೋಮವಾರ ನಸುಕಿನಲ್ಲಿ ವಿದ್ಯುತ್ ಸ್ಥಾವರಗಳು ಒಂದೊಂದಾಗಿ ನಿಲ್ಲತೊಡಗಿದವು. ಅನಿಲದ ಪೂರೈಕೆ ಹೆಪ್ಪುಗಟ್ಟಿತು, ಯಂತ್ರಗಳ ಭಾಗಗಳು ಹೆಪ್ಪುಗಟ್ಟಿದವು. ಇಡೀ ಜಾಲ ಕುಸಿದು ಬೀಳಲು ನಾಲ್ಕೂವರೆ ನಿಮಿಷ ಮಾತ್ರ ಬಾಕಿಯಿತ್ತು ಎಂದು ಆಮೇಲೆ ಲೆಕ್ಕ ಹಾಕಿದರು. ಅದನ್ನು ತಪ್ಪಿಸಲು ಬೇಡಿಕೆಯನ್ನೇ ಕತ್ತರಿಸಿದರು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿ, ಕಚೇರಿಗಳು ಕತ್ತಲಾದವು. ಕೆಲವು ಗಂಟೆಗಳಿಗೆ ಅಂದದ್ದು ಎಷ್ಟೋ ಕಡೆ ದಿನಗಳಾಯಿತು. ಗ್ಯಾಸಿನ ಹೀಟರ್ ಇದ್ದವರಿಗೂ ಬಿಸಿ ಇಲ್ಲ, ಯಾಕೆಂದರೆ ಬಿಸಿಗಾಳಿಯನ್ನು ನೂಕುವ ಫ್ಯಾನಿಗೆ ಕರೆಂಟು ಬೇಕು. ಕಾರನ್ನು ಗ್ಯಾರೇಜಿನಲ್ಲಿ ಚಾಲೂ ಮಾಡಿಟ್ಟು ಅದರ ಹೀಟರಿನಲ್ಲಿ ಕೂತವರು, ಇದ್ದಿಲಿನ ಗ್ರಿಲ್ಲನ್ನು ಮನೆಯೊಳಗೆ ತಂದವರು ವಿಷಗಾಳಿಗೆ ಸಿಕ್ಕರು. ರಾಜ್ಯದ ಆರೋಗ್ಯ ಇಲಾಖೆಯ ಕೊನೆಯ ಲೆಕ್ಕದಂತೆ ಸತ್ತವರು 246 ಜನ. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಬರೇ ಚಳಿ. ತಮ್ಮ ಸ್ವಂತ ಮನೆಯೊಳಗೆ, ಹಾಸಿಗೆಯಲ್ಲಿ, ಕಂಬಳಿ ಹೊದ್ದುಕೊಂಡೇ ಸತ್ತವರಿದ್ದರು.

ಎಲ್ಲರೂ ಪಾಠದಂತೆ ನಲ್ಲಿ ತೊಟ್ಟಿಕ್ಕಿಸಿದ್ದರು. ನಾವೂ. ಹಲವರು ಹೆದರಿಕೆಗೆ ಹನಿಯ ಬದಲು ಸಣ್ಣ ಧಾರೆಯನ್ನೇ ಬಿಟ್ಟಿದ್ದರು. ಆಮೇಲೆ ನೀರಿನ ಒತ್ತಡ ಬೀಳತೊಡಗಿತು. ಕಾರಣ ಹಲವು. ಪಂಪುಗಳಿಗೆ, ಶುದ್ಧೀಕರಣ ಕೇಂದ್ರಗಳಿಗೆ ಕರೆಂಟಿಲ್ಲ. ಒಡೆದ ಸಾವಿರಾರು ಪೈಪುಗಳಿಂದ ನೀರು ಹರಿದುಹೋಗುತ್ತಿದೆ. ಜೊತೆಗೆ ಈ ಹನಿಗಳು. ಹ್ಯೂಸ್ಟನ್ ನಗರದ ಮೇಯರ್, ಪೈಪು ಒಡೆಯದಿರಲೆಂದು ದಯವಿಟ್ಟು ನೀರು ಬಿಡಬೇಡಿ ಎಂದು ಜನರನ್ನು ಕೇಳಿಕೊಂಡರು. ನಾವಿರುವುದು ಊರಾಚೆಯ ಒಂದು ಬಡಾವಣೆಯಲ್ಲಿ, ನಮಗೆ ನೀರು ಕೊಡುವವರು ಬೇರೆ. ಅವರಿಂದಲೂ ಅದೇ ಅರ್ಥದ ಸಂದೇಶ ಬಂತು. ಮೂರು ದಿನದ ಹಿಂದೆ ಯಾವುದು ಜವಾಬ್ದಾರಿಯುತ ಗೃಹಸ್ಥನ ಕರ್ತವ್ಯವಾಗಿತ್ತೋ ಅದೇ ಈಗ ಮಾಡಬಾರದ ಕೆಲಸ. 17ನೇ ತಾರೀಕಿನ ಹೊತ್ತಿಗೆ ಹ್ಯೂಸ್ಟನ್, ಆಸ್ಟಿನ್ ಎರಡೂ ಕಡೆ ನೀರು ಕುದಿಸಿ ಕುಡಿಯಿರಿ ಎಂಬ ಸೂಚನೆ ಬಂದಿತ್ತು. ಒತ್ತಡ ಬಿದ್ದ ಕೊಳವೆಯೊಳಕ್ಕೆ ಬಿರುಕುಗಳಿಂದ ಹೊರಗಿನ ಕೊಳೆ ಸೇರಬಹುದು. ಆಸ್ಟಿನ್‌ನ ಒಂದು ಆಸ್ಪತ್ರೆಯಲ್ಲಿ ನೀರಿನ ಒತ್ತಡವಿಲ್ಲದೆ ಕೆಲವು ರೋಗಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಟೆಕ್ಸಾಸಿನಲ್ಲಿ ಒಟ್ಟು ಒಂದು ಕೋಟಿಗೂ ಹೆಚ್ಚು ಜನರಿಗೆ ನೀರಿನ ತೊಂದರೆಯಾಯಿತು.

ನಮ್ಮ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಆ ಮಧ್ಯಾಹ್ನ, ಫೋನಿನ ಚಾರ್ಜು ಉಳಿದಿದ್ದವರೆಲ್ಲ ಜಗಳಕ್ಕೆ ಕೂತರು. “ಪೈಪ್ ಒಡೆದ್ರೆ ರಿಪೇರಿ ದುಡ್ಡು ಇವರು ಕೊಡ್ತಾರಾ?” ಅಂತ ಒಬ್ಬರು. “ನನ್ನೊಬ್ಬನ ನಲ್ಲಿಯಿಂದ ಆಗೋದೇನು, ಇದು ಸಮುದ್ರದಲ್ಲಿ ಒಂದು ಹನಿ” ಅಂತ ಇನ್ನೊಬ್ಬರು. ಆಗ ಯಾರೋ ಹಾಲಿನ ಕೊಳದ ಕತೆ ಹಾಕಿದರು. ಬೀರಬಲ್ಲನ ಹೆಸರಿನಲ್ಲಿ ನಾವೆಲ್ಲ ಕೇಳಿದ್ದೇ. ರಾತ್ರಿ ಪ್ರತಿ ಮನೆಯವರೂ ಒಂದೊಂದು ಬಿಂದಿಗೆ ಹಾಲು ತಂದು ಕೊಳಕ್ಕೆ ಹಾಕಬೇಕೆಂದು ಅಪ್ಪಣೆಯಾಗುತ್ತದೆ. ಅಷ್ಟು ಹಾಲಿನ ನಡುವೆ ನನ್ನ ಒಂದು ಬಿಂದಿಗೆ ನೀರು ಯಾರಿಗೆ ಗೊತ್ತಾದೀತು ಎಂದು ಪ್ರತಿಯೊಬ್ಬರೂ ನೀರನ್ನೇ ಸುರಿಯುತ್ತಾರೆ. ಬೆಳಗ್ಗೆ ನೋಡಿದರೆ ಕೊಳದ ತುಂಬ ನೀರು.

ಕತೆ ಹಾಕಿದವರ ಉದ್ದೇಶ ಒಳ್ಳೆಯದೇ. ಆದರೆ ಅದು ಇಲ್ಲಿಗೆ ಹೊಂದುವುದಿಲ್ಲ. ಕತೆಯ ಜನ ಕಳ್ಳರು. ಹಾಲು ಹಾಕಬೇಕೆಂದು ಅವರಿಗೆ ಗೊತ್ತಿತ್ತು, ಕತ್ತಲೆಯ ಮರೆಯಲ್ಲಿ ಮೋಸ ಮಾಡಿದರು. ಅಲ್ಲಿ ದೋಷ ಎಲ್ಲಿದೆ ಅಂತ ಮಗುವೂ ಬೆರಳಿಟ್ಟು ತೋರಿಸುತ್ತದೆ. ಇಲ್ಲಿ ನಲ್ಲಿ ತೊಟ್ಟಿಕ್ಕಿಸಿದವರು ಕಳ್ಳರಲ್ಲ, ಹೇಳಿದ ಮಾತು ಕೇಳಿದವರು. ಅಕ್ಕಪಕ್ಕದವರಿಗೆ ಫೋನು ಮಾಡಿ ನೀವೂ ಬಿಡಿ ಎಂದು ನೆನಪಿಸಿದವರು. ಒಬ್ಬರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ಆದರೂ ಕೊಳ ಬರಿದಾಯಿತು. ಒಳ್ಳೆಯದು ಕೆಟ್ಟದ್ದನ್ನು ನಾವು ಚಿಕ್ಕಂದಿನಿಂದ ಅಳೆಯುವುದು ಮನಸ್ಸಿನ ತಕ್ಕಡಿಯಲ್ಲಿ. ಈ ಸಂಗತಿಯನ್ನು ಅದು ತೂಗಲಾರದು.

ಎಲ್ಲರೂ ಹಾಗೇ ಮಾಡಿದರೆ ಏನಾದೀತು ಎಂದು ಕೇಳಿಕೋ, ಅದು ನಿನಗೆ ಒಪ್ಪಿಗೆಯಾದರೆ ಮಾತ್ರ ಮಾಡು. ಕಾಂಟ್ ಹೇಳಿದ್ದನ್ನು ಅಡುಗೆಮನೆಯ ಮಾತಿಗೆ ಇಳಿಸಿದರೆ ಹೆಚ್ಚುಕಡಿಮೆ ಹೀಗಾಗುತ್ತದೆ. ಮಾಮೂಲಿ ಚಳಿಯ ರಾತ್ರಿಯಲ್ಲಿ ಊರಿನವರೆಲ್ಲ ನಲ್ಲಿ ತೊಟ್ಟಿಕ್ಕಿಸಿದರೂ ಏನೂ ಆಗುವುದಿಲ್ಲ, ಪಂಪು ತುಂಬಿಸಿಕೊಡುತ್ತದೆ. ಕರೆಂಟು ಹೋದ ರಾತ್ರಿಯಲ್ಲಿ ಅದೇ ಕೆಲಸ ಊರನ್ನು ಒಣಗಿಸುತ್ತದೆ. ನನ್ನ ಕೈ ಮಾಡಿದ್ದು ಎರಡೂ ರಾತ್ರಿ ಒಂದೇ, ತಿರುಗಿಸಿದ್ದು ಅಷ್ಟೇ. ಬದಲಾದದ್ದು ಹತ್ತಾರು ಮೈಲಿ ಆಚೆ ಇರುವ, ನಾನೆಂದೂ ನೋಡಿರದ ಒಂದು ಪಂಪ್‌ಹೌಸಿನ ಸ್ಥಿತಿ. ಹಾಗಾದರೆ ನನ್ನ ಮನೆಯೊಳಗಿನ ಕೆಲಸ ಸರಿಯೋ ತಪ್ಪೋ ಎಂಬುದು ನನ್ನ ಮನೆಯೊಳಗೆ ತೀರ್ಮಾನವಾಗುವುದೇ ಇಲ್ಲ.

ಇನ್ನು ‘ನನ್ನೊಬ್ಬನಿಂದ ಆಗೋದೇನು’ ಎಂಬ ವಾದ. ಇಂಗ್ಲೆಂಡಿನ ತತ್ತ್ವಶಾಸ್ತ್ರಜ್ಞ ಡೆರೆಕ್ ಪಾರ್ಫಿಟ್ 1984ರ ‘ರೀಸನ್ಸ್ ಅಂಡ್ ಪರ್ಸನ್ಸ್’ ಪುಸ್ತಕದಲ್ಲಿ ಇದನ್ನೇ ಎತ್ತಿಕೊಂಡಿದ್ದಾನೆ. ಅವನ ಉದಾಹರಣೆಯೂ ನೀರಿನದೇ ಎಂಬುದು ಕಾಕತಾಳೀಯ. ಮರಳುಗಾಡಿನಲ್ಲಿ ಬಾಯಾರಿ ಒದ್ದಾಡುತ್ತಿರುವ ಅಷ್ಟೊಂದು ಜನ. ದೂರದಲ್ಲಿ ಅಷ್ಟೇ ಸಂಖ್ಯೆಯ ದಾನಿಗಳು, ಒಬ್ಬೊಬ್ಬರ ಬಳಿ ಒಂದೊಂದು ಸೀಸೆಯಷ್ಟು ನೀರು. ಎಲ್ಲರೂ ಒಂದು ಗಾಡಿಯ ತೊಟ್ಟಿಗೆ ಸುರಿಯುತ್ತಾರೆ, ಅದನ್ನು ಒಯ್ದು ಎಲ್ಲರಿಗೂ ಸಮನಾಗಿ ಹಂಚುತ್ತಾರೆ. ನಾನು ಸುರಿದ ನೀರಿನಿಂದ ಪ್ರತಿ ಬಾಯಾರಿದವನಿಗೂ ಸಿಕ್ಕಿದ್ದು ಒಂದು ಹನಿ ಹೆಚ್ಚು. ಆ ಹನಿ ಅವನ ನಾಲಗೆಗೆ ತಿಳಿಯುವುದೂ ಇಲ್ಲ. ಹಾಗಂತ ನಾನು ಸುರಿಯದೇ ಇದ್ದರೂ ನಡೆಯುತ್ತದೆಯೇ? ನಡೆಯುವುದಿಲ್ಲ ಅನ್ನುತ್ತಾನೆ ಪಾರ್ಫಿಟ್. ಒಂದು ಕೆಲಸದ ಪರಿಣಾಮ ಯಾರ ಅರಿವಿಗೂ ಬಾರದಷ್ಟು ಸಣ್ಣದಿದ್ದರೂ, ಒಟ್ಟಾಗಿ ಹಾನಿ ಮಾಡುವ ಕೆಲಸಗಳ ಗುಂಪಿನಲ್ಲಿ ಅದೊಂದು ಎಂಬ ಕಾರಣಕ್ಕೇ ಅದು ತಪ್ಪಾಗಬಹುದು.

ನನಗೆ ಲೆಕ್ಕ ಹಾಕುವ ಚಟ. ಸೆಕೆಂಡಿಗೊಂದು ಹನಿ ಬೀಳುವ ನಲ್ಲಿಯಿಂದ ದಿನಕ್ಕೆ ಇಪ್ಪತ್ತರಿಂದ ಮೂವತ್ತು ಲೀಟರು ಹೋಗುತ್ತದೆ. ನಮ್ಮ ಮನೆಯಲ್ಲಿ ಐದು ನಲ್ಲಿ. ಅಲ್ಲಿಗೆ ನೂರು ಲೀಟರಿಗೂ ಮೇಲೆ. ಒಬ್ಬ ರೋಗಿಯ ಒಂದು ಸಲದ ಡಯಾಲಿಸಿಸ್‌ಗೂ ಬೇಕಾಗುವುದು ನೂರು ಲೀಟರಿಗಿಂತ ತುಸು ಹೆಚ್ಚು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಎದೆ ಝಲ್ಲೆನ್ನುತ್ತದೆ, ಆದರೆ ಅದು ಪ್ರಾಮಾಣಿಕ ಲೆಕ್ಕವಲ್ಲ. ನಾನು ಉಳಿಸಿದ ನೂರು ಲೀಟರು ಕೊಳವೆಯಲ್ಲಿ ಓಡಿಹೋಗಿ ಆಸ್ಪತ್ರೆಯ ನಲ್ಲಿಯಲ್ಲಿ ಬೀಳುವುದಿಲ್ಲ. ಬಹುಶಃ ರಸ್ತೆಯಾಚೆಯ ಒಡೆದ ಪೈಪಿನಲ್ಲಿ ಸೋರಿಹೋಗುತ್ತದೆ. ಹಾಗಿದ್ದೂ ಉಳಿಸಬೇಕೆ ಎಂಬುದೇ ಪ್ರಶ್ನೆ, ಮತ್ತು ಉಳಿಸಬೇಕು ಎಂದೇ ನನ್ನ ಉತ್ತರ. ಪುರಾವೆ ಸಿಕ್ಕ ಮೇಲೆ ಮಾಡುತ್ತೇನೆ ಎಂದು ಎಲ್ಲರೂ ಕೂತರೆ ಪುರಾವೆ ಬರುವುದು ಕೊಳ ಬರಿದಾದ ಮೇಲೆ.

ಆದರೆ ಇಲ್ಲಿ ನಾನು ಪಾರ್ಫಿಟ್‌ನನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತೇನೆ. ಅವನ ದಾನಿಗಳೆಲ್ಲ ಒಂದೇ ಅಳತೆಯ ಜನ, ಎಲ್ಲರ ಕೈಯಲ್ಲೂ ಒಂದೇ ಸೀಸೆ. ನಮ್ಮ ಬೀದಿ ಹಾಗಿಲ್ಲ.

ಪೈಪು ಉಳಿಸಲು ತೊಟ್ಟಿಕ್ಕಿಸುವುದೊಂದೇ ದಾರಿಯಲ್ಲ. ಸ್ವಂತ ಮನೆಯಿದ್ದವರು ಮನೆಗೆ ನೀರು ಬರುವ ಮೇನ್ ವಾಲ್ವ್ ಮುಚ್ಚಿ, ಒಳಗಿನ ನಲ್ಲಿಗಳನ್ನೆಲ್ಲ ತೆರೆದು, ಪೈಪಿನಲ್ಲಿ ನಿಂತ ನೀರನ್ನು ಬಸಿದುಬಿಡಬಹುದು. ಖಾಲಿ ಪೈಪಿನಲ್ಲಿ ಗಡ್ಡೆಯಾಗಲು ಏನಿದೆ? ನೀರು ಕಾಯಿಸುವ ಹೀಟರನ್ನು ಮೊದಲೇ ಆರಿಸಬೇಕು, ಅದೊಂದು ಎಚ್ಚರ. ಆಮೇಲೆ ಒಂದೆರಡು ದಿನ ನಲ್ಲಿಯಿಲ್ಲದೆ ಬದುಕಬೇಕು. ಸಂದೇಶ ಬಂದ ದಿನ ನಾವು ಮಾಡಿದ್ದು ಇದನ್ನೇ. ಇವರು ರಸ್ತೆಯ ಬದಿಯ ಪೆಟ್ಟಿಗೆ ತೆರೆದು, ಟಿ ಆಕಾರದ ಕೀಲಿ ಹಾಕಿ ವಾಲ್ವ್ ತಿರುವಿದರು. ಅಷ್ಟರೊಳಗೆ ನಾನು ಬಕೆಟ್ಟು, ಕುಕ್ಕರು, ಇಡ್ಲಿಪಾತ್ರೆ ಎಲ್ಲ ತುಂಬಿಸಿದ್ದೆ. ಚೊಂಬಿನಲ್ಲಿ ನೀರು ತೆಗೆದುಕೊಂಡು ಮುಖ ತೊಳೆಯುವುದು, ಅಕ್ಕಿ ತೊಳೆದ ನೀರನ್ನು ಕಮೋಡಿಗೆ ಹಾಕಲು ಎತ್ತಿಡುವುದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅದನ್ನು ತ್ಯಾಗ ಅಂತ ಕರೆದರೆ ಅರಸೀಕೆರೆಯ ಹೆಂಗಸರು ನಕ್ಕಾರು.

ಎದುರಿನ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ದಾವಣಗೆರೆ ಕಡೆಯ ಒಂದು ಸಣ್ಣ ವಯಸ್ಸಿನ ಜೋಡಿ. ಕೈಗೂಸು. ಆಗಷ್ಟೇ ಬಂದು ಆರು ತಿಂಗಳಾಗಿತ್ತು. ಗುಂಪಿನ ಜಗಳ ನೋಡಿ ಆ ಹುಡುಗಿ ನನಗೆ ಬೇರೆಯಾಗಿ ಫೋನು ಮಾಡಿದಳು. “ಅಕ್ಕಾ, ನಾವ್ ಬಂದ್ ಮಾಡ್ಬೇಕೇನು? ಇಲ್ಲಿ ವಾಲ್ವ್ ಎಲ್ಲೈತೋ ನಮಗ್ ಗೊತ್ತಿಲ್ಲ. ಮ್ಯಾನೇಜರ್ ಫೋನ್ ಎತ್ತವಲ್ರು.” ಇಡೀ ಕಟ್ಟಡಕ್ಕೆ ಒಂದೇ ವಾಲ್ವ್, ಅದು ಬೀಗ ಹಾಕಿದ ಕೋಣೆಯಲ್ಲಿ. ಬಾಡಿಗೆಯವರಿಗೆ ಬಸಿಯುವ ದಾರಿಯೇ ಇಲ್ಲ. ಅವಳ ಮುಂದಿದ್ದದ್ದು ಎರಡೇ ಆಯ್ಕೆ: ಹನಿ ಬಿಡುವುದು, ಇಲ್ಲವೇ ಮುಚ್ಚಿ ದೇವರ ಮೇಲೆ ಭಾರ ಹಾಕುವುದು. ಮೂರನೆಯ ಮಹಡಿಯ ಪೈಪು ಒಡೆದರೆ ಕೆಳಗಿನ ಎರಡು ಮನೆಗಳೂ ಅದರ ಪಾಲುದಾರರು.

ನಾನು ಹೇಳಿದೆ, ನೀನು ಬಿಡಮ್ಮ, ಹನಿಯಷ್ಟೇ ಬಿಡು, ಕೆಳಗೆ ಬಕೆಟ್ ಇಟ್ಟುಕೋ.

ಗುಂಪಿನಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು ಸಿಟ್ಟಾದರು. ನಿಯಮ ಅಂದರೆ ಎಲ್ಲರಿಗೂ ಒಂದೇ ಇರಬೇಕು, ಇಲ್ಲದಿದ್ದರೆ ಪ್ರತಿಯೊಬ್ಬರೂ ತಮಗೊಂದು ವಿನಾಯಿತಿ ಹುಡುಕಿಕೊಳ್ಳುತ್ತಾರೆ ಎಂದರು. ಅವರ ಭಯ ಸುಳ್ಳಲ್ಲ. ಆದರೂ ನನಗನ್ನಿಸುವುದು ಹೀಗೆ: ಬೇರೆ ದಾರಿ ಇದ್ದವರು ಬಿಟ್ಟುಕೊಡುವುದೇ ಬೇರೆ ದಾರಿ ಇಲ್ಲದವರು ಉಳಿಯಲಿ ಅಂತ. ಕೊಳದಲ್ಲಿ ಇಷ್ಟೇ ನೀರಿದೆ ಎಂದಾದಾಗ ಎಲ್ಲರೂ ಸಮನಾಗಿ ಕೈ ಬಿಗಿಹಿಡಿಯಿರಿ ಅನ್ನುವುದು ಕೇಳಲು ನ್ಯಾಯ. ಸ್ವಂತ ಮನೆ, ಸ್ವಂತ ವಾಲ್ವ್, ಕೀಲಿ, ಅದನ್ನು ತಿರುವಲು ಗೊತ್ತಿರುವ ಗಂಡ, ಬಕೆಟ್ಟಿನ ಬಾಳು ಗೊತ್ತಿರುವ ಹೆಂಡತಿ ಇರುವ ಮನೆಗೂ ಆ ಮೂರನೆಯ ಮಹಡಿಗೂ ಅದು ಒಂದೇ ತೂಕದ ಮಾತಲ್ಲ. ನಮ್ಮ ಐದು ನಲ್ಲಿಗಳು ಮುಚ್ಚಿದ್ದರಿಂದ ಅವಳ ಒಂದು ನಲ್ಲಿಗೆ ಹಕ್ಕು ಬಂತು ಎಂದು ಬೇಕಾದರೆ ಹೇಳಿ. ಅವಳು ಅದನ್ನು ಕೇಳಿ ಪಡೆಯಬೇಕಾಗಿರಲಿಲ್ಲ.

ಇಷ್ಟೆಲ್ಲ ಹನಿಯ ಲೆಕ್ಕ ಹಾಕುವಾಗ ಒಂದು ಮಾತು ಮರೆಯಬಾರದು. 2011ರ ಫೆಬ್ರವರಿಯಲ್ಲೂ ಇಂಥದೇ ಚಳಿಗೆ ಇಲ್ಲಿನ ಸ್ಥಾವರಗಳು ನಿಂತಿದ್ದವು. ಅವುಗಳನ್ನು ಚಳಿಗೆ ಸಜ್ಜುಗೊಳಿಸಿ ಎಂದು ಕೇಂದ್ರದ ತನಿಖೆ ಆಗಲೇ ಶಿಫಾರಸು ಮಾಡಿತ್ತು. ಹತ್ತು ವರ್ಷ ಅದು ಹೆಚ್ಚಿನ ಮಟ್ಟಿಗೆ ಕಾಗದದಲ್ಲೇ ಉಳಿಯಿತು. ಕಡ್ಡಾಯ ಮಾಡುವ ಕಾನೂನು ಬಂದದ್ದು 2021ರ ದುರಂತದ ನಂತರ. ಕೋಟಿಗಟ್ಟಲೆ ಡಾಲರಿನ ಸ್ಥಾವರಕ್ಕೆ ಕಂಬಳಿ ಹೊದಿಸದವರ ತಪ್ಪಿನ ಮುಂದೆ ಅಡುಗೆಮನೆಯ ನಲ್ಲಿಯ ಹನಿ ಎಷ್ಟರದು? ಗುಂಪಿನಲ್ಲಿ ಇದನ್ನೂ ಕೇಳಿದರು. ದೊಡ್ಡವರ ತಪ್ಪು ದೊಡ್ಡದು, ಒಪ್ಪುತ್ತೇನೆ. ಆದರೆ ಆ ಬುಧವಾರ ಮಧ್ಯಾಹ್ನ ನನ್ನ ಕೈಯಳತೆಯಲ್ಲಿ ಇದ್ದದ್ದು ಸ್ಥಾವರವಲ್ಲ, ನಲ್ಲಿ.

ಈ ವಾದವನ್ನೆಲ್ಲ ನಾನು ಇಷ್ಟು ನೆಮ್ಮದಿಯಿಂದ ಹೇಳುವುದಕ್ಕೆ ನಮ್ಮ ಪೈಪು ಉಳಿದದ್ದೂ ಒಂದು ಕಾರಣ. ಗುಂಪಿನಲ್ಲಿ ಇನ್ನೊಬ್ಬರಿದ್ದಾರೆ, ತುಮಕೂರಿನವರು, ಎರಡು ಬೀದಿ ಆಚೆ ಮನೆ. ಸಂದೇಶ ಬಂದ ಕೂಡಲೇ ಮೊದಲು ನಲ್ಲಿ ಮುಚ್ಚಿದವರು ಅವರು. ಯಾರೂ ವಾದ ಮಾಡಬೇಕಾಗಲಿಲ್ಲ, ಊರಿಗೆ ನೀರಿಲ್ಲ ಅಂದರೆ ಮುಚ್ಚಬೇಕು ಅಷ್ಟೇ ಅಂದಿದ್ದರು. ಮುಚ್ಚಿದರು, ಆದರೆ ಪೈಪು ಬಸಿಯಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಂದೇಶದಲ್ಲೂ ಅದಿರಲಿಲ್ಲ. ಗಡ್ಡೆ ಇರುವವರೆಗೆ ಗಡ್ಡೆಯೇ ಬಿರಡೆ, ಒಡೆದದ್ದು ಗೊತ್ತಾಗುವುದಿಲ್ಲ. ಬಿಸಿಲು ಬಂದು ಅಟ್ಟ ಬೆಚ್ಚಗಾದ ದಿನ ಅವರ ಮನೆಯ ಚಾವಣಿಯ ಶೀಟ್‌ರಾಕ್ ನೆನೆದು ಹಪ್ಪಳದಂತಾಗಿ ಮಗಳ ಮಂಚದ ಮೇಲೆ ಬಿತ್ತು. ಮಗು ಅಲ್ಲಿರಲಿಲ್ಲ, ಪುಣ್ಯ. ನಾವು ಏಳೆಂಟು ಜನ ಹೋಗಿ ನೀರು ಬಳಿದು, ಕಾರ್ಪೆಟ್ಟು ಕಿತ್ತು ಹೊರಗೆ ಹಾಕಿದೆವು. ಪ್ಲಂಬರ್ ಸಿಕ್ಕಿದ್ದು ಮೂರು ವಾರದ ಮೇಲೆ. ಇನ್ಶೂರೆನ್ಸ್ ಸ್ವಲ್ಪ ಕೊಟ್ಟಿತು. ಉಳಿದದ್ದು ಅವರದೇ.

ಅವರೂ ಊರಿನ ತೊಟ್ಟಿಗೆ ತಮ್ಮ ಸೀಸೆಯನ್ನು ಸುರಿದವರೇ. ಪಾರ್ಫಿಟ್‌ನ ಕತೆಯಲ್ಲಿ ಸುರಿದವನಿಗೆ ಸುರಿದದ್ದಷ್ಟೇ ಖರ್ಚು, ಮನೆಯ ಚಾವಣಿ ಬೀಳುವುದಿಲ್ಲ. ಅವರ ನೂರು ಲೀಟರಿನಿಂದ ಉಪಕಾರ ಪಡೆದವರು ಯಾರು, ಅವರಿಗೆ ಈ ಋಣ ಗೊತ್ತೇ? ಕಾರ್ಪೆಟ್ಟು ಎಳೆಯುವಾಗ ಅವರು ನನ್ನ ಕಡೆ ನೋಡದೆ ಹೇಳಿದರು: “ಮುಂದಿನ ಸಲ ನಾನಂತೂ ಮುಚ್ಚಲ್ಲ ಮೇಡಂ. ಯಾರು ಏನೇ ಹೇಳ್ಲಿ.” ಪಾರ್ಫಿಟ್, ಕಾಂಟ್ ಯಾರೂ ಆಗ ನನ್ನ ಬಾಯಿಗೆ ಬರಲಿಲ್ಲ. ಊರಿಗಾಗಿ ಬಿಟ್ಟುಕೊಡು ಎಂದು ಒಬ್ಬರನ್ನು ಕೇಳುವ ಊರು, ಅವರ ಚಾವಣಿ ಬಿದ್ದಾಗ ಎಲ್ಲಿರುತ್ತದೆ ಎಂಬುದಕ್ಕೆ ಬಕೆಟ್ಟು ಹಿಡಿದ ಏಳೆಂಟು ಜನರ ಹೊರತು ನನ್ನ ಬಳಿ ಉತ್ತರವಿರಲಿಲ್ಲ.

ಆಮೇಲೆ ಬಂದ ಒಂದು ಚಳಿಗಾಲದಲ್ಲಿ ಮತ್ತೆ ಹಾರ್ಡ್ ಫ್ರೀಜ್ ಸೂಚನೆ ಬಂತು. ಸಂಜೆ ಇವರು ಆ ಟಿ ಕೀಲಿ ಹಿಡಿದುಕೊಂಡು ಅವರ ಮನೆಗೆ ಹೋದರು, ನಾನೂ ಜೊತೆಗೆ ಹೋದೆ. ವಾಲ್ವ್ ಎಲ್ಲಿದೆ, ಎಷ್ಟು ತಿರುವಬೇಕು, ಹೀಟರ್ ಯಾವಾಗ ಆರಿಸಬೇಕು, ಯಾವ ನಲ್ಲಿಯನ್ನು ಕೊನೆಗೆ ತೆರೆಯಬೇಕು, ಎಲ್ಲ ತೋರಿಸಿದರು. ಅವರು ಗಮನವಿಟ್ಟು ನೋಡಿಕೊಂಡರು. ಎಲ್ಲ ಮುಗಿದ ಮೇಲೆ ಎದುರಿನ ಕಟ್ಟಡದ ಕಡೆ ಕೈ ತೋರಿಸಿ, “ಅಲ್ಲಿರೋರೆಲ್ಲ ಬಿಟ್ಟೇ ಇರ್ತಾರಲ್ವಾ?” ಎಂದು ಕೇಳಿದರು. ಬಿಡಲಿ, ಅವರಿಗೆ ಬೇರೆ ದಾರಿಯಿಲ್ಲ ಅಂದೆ. ಅವರಿಗೆ ಅದು ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೆ ಕೀಲಿಯನ್ನು ಬೆಳಗಿನವರೆಗೆ ಇಲ್ಲೇ ಬಿಟ್ಟಿರಿ ಅಂದರು.